ತೂಕ ಏರಲಿ, ಸೊಂಟ ನಿಲ್ಲಲಿ

ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ವ್ಯಾಯಾಮ ಶಿಕ್ಷಕರೊಬ್ಬರ ಉತ್ತರ

ಪ್ರಶ್ನೆ: ಸರ್, ನನಗೆ 24 ವರ್ಷ. ಎತ್ತರ 174 ಸೆಂ.ಮೀ., ತೂಕ 58 ಕೆ.ಜಿ. ಬೀಜ, ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಂದು ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದರೂ ಅಂಗಿಯ ತೋಳು ಸಡಿಲವಾಗಿಯೇ ಇದೆ. ‘ಬಲ್ಕಿಂಗ್ ಮಾಡು, ಸಿಕ್ಕಿದ್ದೆಲ್ಲ ತಿನ್ನು, ಹೊಟ್ಟೆಯನ್ನು ಆಮೇಲೆ ಕರಗಿಸಿದರಾಯಿತು’ ಎನ್ನುತ್ತಾರೆ ಗೆಳೆಯರು. ಆರು ತಿಂಗಳಲ್ಲಿ 70 ಕೆ.ಜಿ. ಮುಟ್ಟಬೇಕೆಂದಿದ್ದೇನೆ. ಎಷ್ಟು ತಿನ್ನಲಿ? ಏರಿದ್ದು ಸ್ನಾಯುವೋ ಕೊಬ್ಬೋ ಎಂದು ತಿಳಿಯುವುದು ಹೇಗೆ?
– ಓದುಗರು, ರಾಣೆಬೆನ್ನೂರು

ಉತ್ತರ: ಆರು ತಿಂಗಳಲ್ಲಿ 12 ಕೆ.ಜಿ. ಎಂಬ ಗುರಿಯನ್ನು ಮೊದಲು ಬಿಡಿ. ಅಷ್ಟು ಬೇಗ ಏರಿದ ತೂಕದಲ್ಲಿ ದೊಡ್ಡ ಪಾಲು ಕೊಬ್ಬೇ ಆಗಿರುತ್ತದೆ. ಗೊಬ್ಬರವನ್ನು ಎರಡು ಪಟ್ಟು ಸುರಿದರೆ ಜೋಳ ಎರಡು ಪಟ್ಟು ಬೇಗ ತೆನೆ ಬಿಡುವುದಿಲ್ಲ, ಅದು ನಿಮ್ಮ ಅಂಗಡಿಗೆ ಬರುವ ರೈತರಿಗೆಲ್ಲ ಗೊತ್ತು. ವಾರಕ್ಕೆ ದೇಹತೂಕದ ಶೇ. 0.25ರಿಂದ 0.5ರಷ್ಟು ಏರಿದರೆ ಸಾಕು. ನಿಮ್ಮ ಲೆಕ್ಕದಲ್ಲಿ ಅದು ವಾರಕ್ಕೆ 150ರಿಂದ 300 ಗ್ರಾಂ. ಆರು ತಿಂಗಳ ಕೊನೆಗೆ 62ರಿಂದ 64 ಕೆ.ಜಿ. ಆಗಿದ್ದರೆ ನೀವು ಚೆನ್ನಾಗಿ ನಡೆದಿದ್ದೀರಿ ಎಂದು ನಾನು ಬೆನ್ನು ತಟ್ಟುತ್ತೇನೆ. 70 ಮುಟ್ಟಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

‘ಹೊಟ್ಟೆಯನ್ನು ಆಮೇಲೆ ಕರಗಿಸಿದರಾಯಿತು’ ಎಂಬ ಮಾತನ್ನು ನಾನು ಒಪ್ಪುವುದೇ ಇಲ್ಲ. ನಮ್ಮ ಜನರ ಮೈಯ ಗುಣವೇ ಬೇರೆ. ಯುರೋಪಿನವರಷ್ಟೇ ತೂಕ, ಎತ್ತರ ಇದ್ದರೂ ಭಾರತೀಯರಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು. ಸಕ್ಕರೆ ಕಾಯಿಲೆ ನಮ್ಮನ್ನು ಬೇಗ ಹಿಡಿಯಲು ಇದೂ ಒಂದು ಕಾರಣ. ಅದಕ್ಕಾಗಿಯೇ ದಕ್ಷಿಣ ಏಷ್ಯಾದ ಗಂಡಸರಿಗೆ ಸೊಂಟದ ಸುತ್ತಳತೆಯ ಎಚ್ಚರಿಕೆಯ ಗೆರೆಯನ್ನು 90 ಸೆಂ.ಮೀ.ಗೆ, ಹೆಂಗಸರಿಗೆ 80 ಸೆಂ.ಮೀ.ಗೆ ಎಳೆದಿದ್ದಾರೆ. ತೆಳ್ಳಗಿರುವ ನೀವು ಆ ಗೆರೆಯಿಂದ ದೂರದಲ್ಲಿದ್ದೀರಿ. ದೂರದಲ್ಲೇ ಉಳಿದು ಮೈ ಕಟ್ಟಿಕೊಳ್ಳಿ.

ಈಗ ಊಟ. ಎರಡು ವಾರ ಈಗ ತಿನ್ನುವುದನ್ನೇ ತಿನ್ನಿ, ತಿಂದದ್ದನ್ನೆಲ್ಲ ಬರೆದಿಡಿ. ತೂಕ ನಿಂತಲ್ಲೇ ನಿಂತಿದ್ದರೆ ಅದೇ ನಿಮ್ಮ ಸಮತೂಕದ ಊಟ. ಅದರ ಮೇಲೆ ದಿನಕ್ಕೆ 300 ಕ್ಯಾಲೊರಿ ಸೇರಿಸಿ. 300 ಎಂದರೆ ಬಹಳವಲ್ಲ: ಅರ್ಧ ಲೀಟರ್ ಟೋನ್ಡ್ ಹಾಲು, ಅಥವಾ 50 ಗ್ರಾಂ ಹುರಿದ ಶೇಂಗಾ. ಗೆಳೆಯರು ಹೇಳುವ ಪರೋಟ, ಎಗ್ ರೈಸ್, ತಂಪು ಪಾನೀಯ ಯಾವುದೂ ಬೇಕಾಗಿಲ್ಲ.

ಪ್ರೋಟೀನ್ ದೇಹತೂಕದ ಪ್ರತಿ ಕೆ.ಜಿ.ಗೆ 1.6 ಗ್ರಾಂ ಬೇಕು, ಅಂದರೆ ನಿಮಗೆ 93 ಗ್ರಾಂ. ಡಬ್ಬಿಯ ಪುಡಿಯಿಲ್ಲದೆ ಇದು ಸಾಧ್ಯವೇ ಎಂದು ಬಹಳ ಜನ ಕೇಳುತ್ತಾರೆ. ನಿಮ್ಮ ಊರಿನ ಊಟದಲ್ಲೇ ಲೆಕ್ಕ ಹಾಕೋಣ. ಮೂರು ಮೊಟ್ಟೆಯಲ್ಲಿ 18 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16, 50 ಗ್ರಾಂ ಶೇಂಗಾದಲ್ಲಿ 12, ದಿನದ ಪಲ್ಯ ಮತ್ತು ಸಾರಿಗೆ ಬೀಳುವ ಬೇಳೆ, ಹೆಸರುಕಾಳು, ಮಡಿಕೆಕಾಳು ಸೇರಿ 100 ಗ್ರಾಂ ಆದರೆ 22, ರೊಟ್ಟಿಗೆ 200 ಗ್ರಾಂ ಜೋಳದ ಹಿಟ್ಟು ಹೋದರೆ 20, ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ 6. ಒಟ್ಟು 94. ಕೋಳಿ ತಿನ್ನುವ ದಿನ ಇನ್ನೂ ಸುಲಭ. ಇದರಲ್ಲಿ ಜನ ತಪ್ಪಿಸುವುದು ಕಾಳಿನ ಪಾಲನ್ನು. ತಟ್ಟೆಯಲ್ಲಿ ರೊಟ್ಟಿ ನಾಲ್ಕು, ಪಲ್ಯ ಎರಡು ಚಮಚ! ತಾಯಿಯವರಿಗೆ ಹೇಳಿ ಪಲ್ಯದ ಬಟ್ಟಲನ್ನು ದೊಡ್ಡದು ಮಾಡಿಸಿಕೊಳ್ಳಿ.

ಹೆಚ್ಚಿನ ಊಟ ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಬೆಳೆಯಲೇಬೇಕಾದ ಕಾರಣ ಸಿಗಬೇಕು. ಒಂದು ವರ್ಷ ಜಿಮ್‌ಗೆ ಹೋಗಿಯೂ ಅಂಗಿ ಸಡಿಲವಾಗಿದೆ ಎಂದಿದ್ದೀರಿ, ಎಷ್ಟು ಎತ್ತುತ್ತೀರಿ ಎಂದು ಬರೆದಿಲ್ಲ. ನನಗೆ ಅದೇ ಅನುಮಾನ. ಪ್ರತಿ ಸ್ನಾಯು ಗುಂಪಿಗೂ ವಾರಕ್ಕೆ ಎರಡು ಸಲ ಕೆಲಸ ಕೊಡಿ, ಒಂದೊಂದು ಗುಂಪಿಗೆ ವಾರಕ್ಕೆ ಒಟ್ಟು ಹತ್ತು ಗಟ್ಟಿ ಸೆಟ್‌ಗಳಾಗಲಿ (ನಡುವೆ ನಿಲ್ಲಿಸದೆ ಎತ್ತುವ ಒಂದು ಸರದಿಯೇ ಒಂದು ಸೆಟ್). ಸ್ಕ್ವಾಟ್, ಬೆಂಚ್ ಪ್ರೆಸ್, ರೋ, ಪುಲ್ ಅಪ್, ಭುಜಕ್ಕೆ ಓವರ್‌ಹೆಡ್ ಪ್ರೆಸ್, ಇವಿಷ್ಟು ಅಡಿಪಾಯ. ಒಂದು ಭಾರದಲ್ಲಿ ಸೆಟ್ಟಿಗೆ ಎಂಟು ರೆಪ್‌ನಿಂದ, ಅಂದರೆ ಎಂಟು ಸಲ ಎತ್ತುವುದರಿಂದ ಆರಂಭಿಸಿ, ಎಲ್ಲ ಸೆಟ್‌ಗಳಲ್ಲೂ ಹನ್ನೆರಡು ಬಂದ ದಿನ 2.5 ಕೆ.ಜಿ. ಏರಿಸಿ, ಮತ್ತೆ ಎಂಟರಿಂದ ಹಿಡಿಯಿರಿ. ನಮ್ಮ ಗರಡಿಗಳಲ್ಲಿ ಉಸ್ತಾದರು ಹುಡುಗರ ದಂಡ, ಬಸ್ಕಿಗಳನ್ನು ಎಣಿಸಿ ಏರಿಸುತ್ತಿದ್ದುದೂ ಇದೇ ನಿಯಮದಿಂದ. ಅವರು ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದರು, ನೀವು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಲೆಕ್ಕ ಬರೆಯುವ ಕೈ ನಿಮ್ಮದು, ಕಷ್ಟವಾಗದು.

ಸ್ನಾಯುವೋ ಕೊಬ್ಬೋ ಎಂಬ ಪ್ರಶ್ನೆಗೆ ಉತ್ತರವೂ ಆ ನೋಟ್‌ಬುಕ್ಕಿನಲ್ಲೇ ಇದೆ. ಬೆಂಗಳೂರಿನ ಕೆ.ವಿ. ಅಯ್ಯರ್ ಅವರು ಕಳೆದ ಶತಮಾನದ ಮೊದಲರ್ಧದಲ್ಲಿಯೇ ಅಂಚೆಯ ಮೂಲಕ ಅಂಗಸಾಧನೆ ಕಲಿಸುತ್ತಿದ್ದರು. ಪತ್ರದಲ್ಲಿ ಪಾಠ ಹೇಳುವವನಿಗೆ ಶಿಷ್ಯನ ಮೈ ಕಾಣುವುದಿಲ್ಲ, ಅಳತೆ ಮಾತ್ರ ಕಾಣುತ್ತದೆ. ಈ ಅಂಕಣದಲ್ಲಿ ನನ್ನ ಪಾಡೂ ಅದೇ. ಹಾಗಾಗಿ ಅಳತೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು.

ಬೆಳಿಗ್ಗೆ ಶೌಚ ಮುಗಿಸಿ, ನೀರು ಕುಡಿಯುವ ಮೊದಲು ತೂಕ ನೋಡಿ ಬರೆಯಿರಿ. ಒಂದು ದಿನದ ತೂಕವನ್ನು ನಂಬಬೇಡಿ, ಏಳು ದಿನದ ಸರಾಸರಿ ತೆಗೆದು ಹಿಂದಿನ ವಾರದ ಸರಾಸರಿಯ ಜೊತೆ ಇಟ್ಟು ನೋಡಿ. ಹೋಳಿಗೆ ಊಟದ ಮರುದಿನ ಒಂದೂವರೆ ಕೆ.ಜಿ. ಏರಿದ್ದರೆ ಅದು ಉಪ್ಪು, ಪಿಷ್ಟ ಹಿಡಿದಿಟ್ಟ ನೀರು ಮತ್ತು ಹೊಟ್ಟೆಯಲ್ಲಿರುವ ಊಟ. ಊಟ ಹೆಚ್ಚಿಸಿದ ಮೊದಲ ವಾರದ ಏರಿಕೆಯೂ ಬಹುಪಾಲು ಹಾಗೆಯೇ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ವಾರಕ್ಕೊಮ್ಮೆ ದರ್ಜಿಯ ಟೇಪಿನಿಂದ ಹೊಕ್ಕುಳ ಮಟ್ಟದಲ್ಲಿ ಸೊಂಟ, ಎದೆ, ಸಡಿಲ ಬಿಟ್ಟ ತೋಳು, ತೊಡೆ ಅಳೆಯಿರಿ. ಹೊಟ್ಟೆ ಒಳಗೆಳೆದು ಅಳೆದರೆ ನಷ್ಟ ನಿಮಗೇ. ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಿರಿ. ವ್ಯಾಯಾಮ ಮುಗಿದ ತಕ್ಷಣ ತೋಳು ಉಬ್ಬಿರುತ್ತದೆ, ಆಗ ಅಳೆಯಬಾರದು. ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ, ಅದೇ ಹೊತ್ತಿನಲ್ಲಿ, ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಮೂರು ಫೋಟೋ. ಬೆನ್ನಿನ ಫೋಟೋವನ್ನು ಎಲ್ಲರೂ ಮರೆಯುತ್ತಾರೆ, ಬದಲಾವಣೆ ಮೊದಲು ಕಾಣುವುದು ಬಹಳ ಜನರಲ್ಲಿ ಅಲ್ಲಿಯೇ.

ತಿಂಗಳ ಕೊನೆಗೆ ತೂಕ, ಎತ್ತುವ ಭಾರ, ಸೊಂಟ ಮೂರನ್ನೂ ಎದುರಿಗಿಟ್ಟು ಓದಿ. ತೂಕ ಏರಿದೆ, ಎತ್ತುವ ಭಾರ ಏರಿದೆ, ಸೊಂಟ ಹೆಚ್ಚುಕಡಿಮೆ ಅಲ್ಲೇ ಇದೆ ಎಂದಾದರೆ ಏನನ್ನೂ ಬದಲಿಸಬೇಡಿ. ಎರಡು ವಾರ ತೂಕದ ಸರಾಸರಿ ಕದಲಿಲ್ಲವೆಂದರೆ ಇನ್ನೊಂದು 150 ಕ್ಯಾಲೊರಿ ಸೇರಿಸಿ. ಎತ್ತುವ ಭಾರ ನಿಂತಿದ್ದು ಸೊಂಟ ಮಾತ್ರ ಒಂದು ಸೆಂ.ಮೀ.ಗಿಂತ ಹೆಚ್ಚಾಗಿದ್ದರೆ ಸೇರಿಸಿದ ಊಟದ ಅರ್ಧವನ್ನು ತೆಗೆದು, ನಿದ್ದೆ ಏಳು ಗಂಟೆ ಆಗುತ್ತಿದೆಯೇ ಎಂದು ನೋಡಿಕೊಳ್ಳಿ. ಈ ಒಂದು ಸೆಂ.ಮೀ. ನನ್ನ ಅನುಭವದ ಗೆರೆ. ಮೂರು ತಿಂಗಳ ಪುಟಗಳನ್ನು ನನಗೆ ಕಳುಹಿಸಿ, ಆಗ ಮುಂದಿನ ಮಾತು.

ಪ್ರಶ್ನೆ: ನನಗೆ 33 ವರ್ಷ, 54 ಕೆ.ಜಿ., ಸಸ್ಯಾಹಾರಿ. ಭುಜ, ಬೆನ್ನು ಗಟ್ಟಿಯಾಗಲೆಂದು ಭಾರ ಎತ್ತಲು ಆರಂಭಿಸಿದೆ. ಮನೆಯ ಸ್ಮಾರ್ಟ್ ತೂಕದ ಯಂತ್ರ ಒಂದು ದಿನ ಶೇ. 27 ಕೊಬ್ಬು ಎನ್ನುತ್ತದೆ, ಮೂರು ದಿನ ಬಿಟ್ಟು 30 ಎನ್ನುತ್ತದೆ. ಗಾಬರಿಯಾಗಿ ರಾತ್ರಿಯ ಊಟ ಬಿಟ್ಟಿದ್ದೇನೆ.
– ಓದುಗರು, ಶಿವಮೊಗ್ಗ

ಉತ್ತರ: ಇವತ್ತು ರಾತ್ರಿಯೇ ಊಟ ಮಾಡಿ. ಆ ಯಂತ್ರ ಪಾದದಿಂದ ಪಾದಕ್ಕೆ ಸಣ್ಣ ವಿದ್ಯುತ್ ಹರಿಸಿ, ಸಿಕ್ಕ ತಡೆಯಿಂದ ಕೊಬ್ಬನ್ನು ಅಂದಾಜು ಮಾಡುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ, ಪಾದ ಒಣಗಿದ್ದರೆ ಅಂಕಿ ಬದಲಾಗುತ್ತದೆ. ಮೂರು ದಿನಗಳಲ್ಲಿ ಮೈಯ ಕೊಬ್ಬು ಹಾಗೆ ಏರಲು ಸಾಧ್ಯವೇ ಇಲ್ಲ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ನೀರು ನಿಂತು ತೂಕವೂ ಏರುತ್ತದೆ. ಆದ್ದರಿಂದ ಈ ವಾರವನ್ನು ಹಿಂದಿನ ವಾರದ ಜೊತೆ ಹೋಲಿಸಬೇಡಿ, ಹಿಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಿ. ನಿಮಗೆ ಬೇಕಾದ ಪ್ರೋಟೀನ್ 86 ಗ್ರಾಂ. ಸೋಯಾ ಚಂಕ್ಸ್ 50 ಗ್ರಾಂನಲ್ಲಿ 26, ಪನೀರ್ 100 ಗ್ರಾಂನಲ್ಲಿ 18, ಉಳಿದದ್ದು ಹಾಲು, ಮೊಸರು, ಬೇಳೆ, ಹುರುಳಿ ಸಾರಿನಿಂದ ಬರಲಿ. ಹುರುಳಿಯ ಕಟ್ಟನ್ನು ಮಾತ್ರ ಬಸಿದುಕೊಳ್ಳದೆ ಕಾಳನ್ನೂ ತಿನ್ನಿ, ಪ್ರೋಟೀನ್ ಹೆಚ್ಚಾಗಿ ಇರುವುದು ಕಾಳಿನಲ್ಲಿ. ಗಂಡಸರಂತೆ ಉಬ್ಬುವ ಭಯ ಬೇಡ. ಹೆಂಗಸರ ದೇಹದಲ್ಲಿ ಸ್ನಾಯು ಉಬ್ಬಿಸುವ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಬಹಳ ಕಡಿಮೆ.

ಪ್ರಶ್ನೆ: ಜಿಮ್‌ಗೆ ಹೋಗುವವರು ಬಲಕ್ಕೆಂದು ಸೇವಿಸುವ ಕ್ರಿಯಾಟಿನ್ ಪುಡಿ ತೆಗೆದುಕೊಂಡರೆ ಕಿಡ್ನಿ ಹಾಳಾಗುತ್ತದೆಯೇ?
– ಓದುಗರು, ಬಳ್ಳಾರಿ

ಉತ್ತರ: ಕಿಡ್ನಿ ಆರೋಗ್ಯವಾಗಿರುವ ವಯಸ್ಕರಿಗೆ ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಮೊನೊಹೈಡ್ರೇಟ್‌ನಿಂದ ಹಾನಿ ಕಂಡುಬಂದಿಲ್ಲ. ಕಿಡ್ನಿಯ ತೊಂದರೆ ಇದ್ದವರು ಮುಟ್ಟಬಾರದು. ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಕೆಲಸ ಅಳೆಯಲು ನೋಡುವ ಕ್ರಿಯಾಟಿನಿನ್ ಸ್ವಲ್ಪ ಏರಬಹುದು, ಆದ್ದರಿಂದ ತೆಗೆದುಕೊಳ್ಳುತ್ತಿರುವುದನ್ನು ವೈದ್ಯರಿಗೆ ಮೊದಲೇ ಹೇಳಿ. ಮೊದಲ ವಾರಗಳಲ್ಲಿ ಸ್ನಾಯುವಿನೊಳಗೆ ನೀರು ತುಂಬಿ ಸುಮಾರು ಒಂದು ಕೆ.ಜಿ. ಏರುತ್ತದೆ. ಆರಂಭಿಸಿದ ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ, ಇಲ್ಲದಿದ್ದರೆ ಆ ತಿಂಗಳ ಲೆಕ್ಕ ಕೆಡುತ್ತದೆ.

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಎರಡನೇ ಪಿಯುಸಿ. ದಿನಕ್ಕೆ ಹತ್ತು ಸಲ ಕನ್ನಡಿ ನೋಡಿಕೊಳ್ಳುತ್ತಾನೆ, ಮೊಬೈಲಿನಲ್ಲಿ ಯಾರದೋ ಮೈ ನೋಡಿ ಬೇಜಾರು ಮಾಡಿಕೊಳ್ಳುತ್ತಾನೆ. ಮಾಸ್ ಗೇನರ್ (ತೂಕ ಏರಿಸುವ ಪುಡಿ) ಕೊಡಿಸು ಎಂದು ಹಟ. ಜಿಮ್‌ನಲ್ಲಿ ಯಾರೋ ಇಂಜೆಕ್ಷನ್ ವಿಷಯ ಹೇಳಿದ್ದಾರಂತೆ. ಏನು ಮಾಡಲಿ?
– ತಾಯಿ, ತುಮಕೂರು

ಉತ್ತರ: ಅಮ್ಮಾ, ಮಾಸ್ ಗೇನರ್ ದೊಡ್ಡ ಸಂಗತಿಯಲ್ಲ. ಡಬ್ಬಿಯ ಹಿಂದಿನ ಪಟ್ಟಿಯನ್ನು ಅವನ ಕೈಯಲ್ಲೇ ಓದಿಸಿ, ಬಹುಪಾಲು ಡಬ್ಬಿಗಳಲ್ಲಿ ಮೊದಲ ಸಾಲಿನಲ್ಲೇ ಮಾಲ್ಟೋಡೆಕ್ಸ್‌ಟ್ರಿನ್ ಎಂದಿರುತ್ತದೆ. ಅದು ಬೇಗ ಸಕ್ಕರೆಯಾಗುವ ಪಿಷ್ಟ. ಹಾಲು, ಎರಡು ಬಾಳೆಹಣ್ಣು, ಒಂದು ಹಿಡಿ ಶೇಂಗಾ, ಎರಡು ಚಮಚ ರಾಗಿ ಹುರಿಹಿಟ್ಟು ಮಿಕ್ಸಿಗೆ ಹಾಕಿ ಸಂಜೆ ಕೊಡಿ. ಅದೇ ಕೆಲಸ ಮಾಡುತ್ತದೆ.

ಇಂಜೆಕ್ಷನ್ ಮಾತು ಬೇರೆ, ಅದರಿಂದ ನನಗೆ ನಿಜವಾಗಿಯೂ ಭಯವಾಗುತ್ತದೆ. ಜಿಮ್‌ಗಳಲ್ಲಿ ಇಂಜೆಕ್ಷನ್ ಎಂದರೆ ಸಾಮಾನ್ಯವಾಗಿ ಸ್ಟೀರಾಯ್ಡ್, ಗಂಡು ಹಾರ್ಮೋನಿನಂತೆ ಕೆಲಸ ಮಾಡುವ ಔಷಧ. ಆ ಸ್ಟೀರಾಯ್ಡ್‌ಗಳು ಬೆಳೆಯುವ ಮೂಳೆಯ ತುದಿಗಳನ್ನು ಬೇಗ ಮುಚ್ಚಿಸಿ ಎತ್ತರ ನಿಲ್ಲಿಸಬಲ್ಲವು. ವೃಷಣ ಕುಗ್ಗುತ್ತದೆ, ಎದೆಯಲ್ಲಿ ಸ್ತನದಂತೆ ಗಡ್ಡೆ ಬೆಳೆಯಬಹುದು, ಹೃದಯದ ಗೋಡೆ ದಪ್ಪವಾಗುತ್ತದೆ, ಮುಂದೆ ಮಕ್ಕಳಾಗಲು ತೊಂದರೆಯಾಗಬಹುದು. ಆ ಜಿಮ್ಮನ್ನು ಬಿಡಿಸಿ, ಬೇರೆಡೆ ಸೇರಿಸಿ. ವ್ಯಾಯಾಮವನ್ನೇ ನಿಲ್ಲಿಸಬೇಡಿ, ನಿಲ್ಲಿಸಿದರೆ ಅವನು ಮುಚ್ಚಿಟ್ಟು ಮಾಡುತ್ತಾನೆ. ಫೋಟೋ, ಟೇಪುಗಳೂ ಈ ಹುಡುಗನಿಗೆ ಸದ್ಯ ಬೇಡ. ಎಷ್ಟು ಎತ್ತಿದ ಎಂಬುದನ್ನು ಮಾತ್ರ ಬರೆಯಲಿ. ಕನ್ನಡಿಯ ಚಿಂತೆ ಓದನ್ನು, ಊಟವನ್ನು, ಗೆಳೆತನವನ್ನು ಕೆಡಿಸುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು. ಮೊದಲು ನಿಮ್ಮ ಕುಟುಂಬ ವೈದ್ಯರ ಬಳಿ ಕರೆದುಕೊಂಡು ಹೋಗಿ, ಸ್ವಲ್ಪ ಹೊತ್ತು ಅವನನ್ನು ಒಬ್ಬನೇ ಒಳಗೆ ಕಳುಹಿಸಿ. ಇಂಜೆಕ್ಷನ್ ಈಗಾಗಲೇ ತೆಗೆದುಕೊಂಡಿದ್ದರೆ ಅದನ್ನು ನಿಮ್ಮ ಎದುರಿಗಿಂತ ಅವರ ಎದುರು ಹೇಳುವ ಸಾಧ್ಯತೆ ಹೆಚ್ಚು.