ನೋವು ಎಂದರೆ ಬರೀ ಒಂದು ಕೆಲಸವೇ?

ಪ್ರಶ್ನೆ: ಮೊನ್ನೆ ಹಲ್ಲುನೋವು ಎಂದು ದವಡೆ ಹಿಡಿದುಕೊಂಡು ಕೂತಿದ್ದೆ. ಇಂಜಿನಿಯರಿಂಗ್ ಓದುತ್ತಿರುವ ಮಗ ಬಂದು, "ಅಮ್ಮಾ, ನೋವು ಅಂದ್ರೆ ಒಂದು ಪ್ರೋಗ್ರಾಂ ಅಷ್ಟೇ. ಕಂಪ್ಯೂಟರಿಗೆ ಹಾಕಿದ್ರೆ ಅದಕ್ಕೂ ನೋವಾಗುತ್ತೆ" ಎಂದ. ಇದಕ್ಕೆ ಫಂಕ್ಷನಲಿಸಂ ಅಂತ ಹೆಸರಂತೆ. ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ತಪ್ಪು ಎಲ್ಲಿದೆ ಎಂದು ಹೇಳುವುದಕ್ಕೂ ಗೊತ್ತಾಗಲಿಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೀರಾ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಚೌಕಾಬಾರ ಆಡಿರುತ್ತೀರಿ, ಅಲ್ವಾ? ನಮ್ಮ ಮನೆಯಲ್ಲಿ ಒಬ್ಬರಿಗೆ ಬಳೆ ಚೂರು, ಒಬ್ಬರಿಗೆ ಹುಣಸೆ ಬೀಜ, ಅಜ್ಜಿಗೆ ಕಡ್ಡಿ ತುಂಡು. ಬೀಜವೊಂದು ಕಳೆದುಹೋದರೆ ಅಂಗಳದಿಂದ ಒಂದು ಕಲ್ಲು ತಂದಿಟ್ಟು ಆಟ ಮುಂದುವರಿಸುತ್ತಿದ್ದೆವು. ಯಾರೂ ತಕರಾರು ಮಾಡುತ್ತಿರಲಿಲ್ಲ. ಕವಡೆ ಬಿದ್ದಷ್ಟು ಮನೆ ನಡೆಯಬೇಕು, ಎದುರಿನವರ ಕಾಯಿ ಕಡಿಯಬೇಕು, ಕಟ್ಟೆಯಲ್ಲಿ ಕೂತರೆ ಯಾರ ಕೈಗೂ ಸಿಗಬಾರದು, ಕೊನೆಗೆ ನಡುಮನೆ ಸೇರಿ ಹಣ್ಣಾಗಬೇಕು. ಇಷ್ಟು ಮಾಡಿದರೆ ಅದು ಕಾಯಿ. ಯಾವುದರಿಂದ ಆಗಿದೆ ಅನ್ನುವುದು ಲೆಕ್ಕಕ್ಕಿಲ್ಲ.

ನೋವು, ನೆನಪು, ನಂಬಿಕೆ, ಆಸೆ ಎಲ್ಲವೂ ಹೀಗೇ ಎನ್ನುವುದು ಫಂಕ್ಷನಲಿಸಂ. ಅದು ಹುಟ್ಟಿದ್ದಕ್ಕೆ ಒಂದು ಕಾರಣವಿದೆ. ತತ್ವಜ್ಞಾನಿಗಳಾದ ಯು. ಟಿ. ಪ್ಲೇಸ್ 1956ರಲ್ಲಿ, ಜೆ. ಜೆ. ಸಿ. ಸ್ಮಾರ್ಟ್ 1959ರಲ್ಲಿ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: ನೋವಿನಂಥ ಅನುಭವ ಎಂದರೆ ಮಿದುಳಿನಲ್ಲಿ ನಡೆಯುವ ಒಂದು ಕ್ರಿಯೆ, ಬೇರೇನೂ ಅಲ್ಲ. 1967ರಲ್ಲಿ ಅಮೆರಿಕದ ತತ್ವಜ್ಞಾನಿ ಹಿಲರಿ ಪಟ್ನಮ್ ಕೇಳಿದರು: ಹಾಗಾದರೆ ಆಕ್ಟೋಪಸ್ ಗತಿಯೇನು? ಅದಕ್ಕೆ ಸುಮಾರು 50 ಕೋಟಿ ನರಕೋಶಗಳಿವೆ. ಅರ್ಧಕ್ಕಿಂತ ಜಾಸ್ತಿ ಇರುವುದು ತೋಳುಗಳಲ್ಲಿ. ನಮ್ಮ ಮಿದುಳಿನ ರಚನೆಗೂ ಅದರದಕ್ಕೂ ಹೋಲಿಕೆಯೇ ಇಲ್ಲ. ನೋವು ಎಂದರೆ ನಮ್ಮ ಮಿದುಳಿನದೇ ಒಂದು ನಿರ್ದಿಷ್ಟ ಕ್ರಿಯೆಯಾದರೆ, ಆಕ್ಟೋಪಸ್‌ಗೆ ನೋವೇ ಇಲ್ಲ ಎನ್ನಬೇಕಾಗುತ್ತದೆ. ಅದು ಅತಿಯಾಯಿತು. ಆದ್ದರಿಂದ ನೋವನ್ನು ಅದು ಮಾಡುವ ಕೆಲಸದಿಂದ ಗುರುತಿಸಿ ಎಂದರು ಪಟ್ನಮ್.

ಈ 'ಕೆಲಸ' ಅನ್ನುವ ಮಾತನ್ನು ತುಂಬಾ ಜನ ತಪ್ಪಾಗಿ ತಿಳಿಯುತ್ತಾರೆ. ಚೀರುವುದು, ದವಡೆ ಹಿಡಿಯುವುದು ಮಾತ್ರ ಅಲ್ಲ. ಬೀಗರ ಮನೆ ಮದುವೆಯಲ್ಲಿ ನಿಮಗೆ ಹಲ್ಲುನೋವು ಬಂತು ಅನ್ನಿ. ಮುಖದಲ್ಲಿ ತೋರಿಸದೆ ನಗುತ್ತಾ ಊಟಕ್ಕೆ ಕೂರುತ್ತೀರಿ. ಹೊರಗೆ ಏನೂ ಕಾಣುವುದಿಲ್ಲ. ಆದರೂ ನೋವು ಒಳಗೆ ಕೆಲಸ ಮಾಡುತ್ತಲೇ ಇದೆ. ಮರ್ಯಾದೆಯ ಚಿಂತೆಯ ಜೊತೆ ಗುದ್ದಾಡುತ್ತಿದೆ, ಒಬ್ಬಟ್ಟನ್ನು ಇನ್ನೊಂದು ಕಡೆಯ ಹಲ್ಲಿಗೆ ತಳ್ಳುತ್ತಿದೆ, ಯಾವಾಗ ಮನೆಗೆ ಹೋಗುತ್ತೇನೋ ಅನ್ನಿಸುತ್ತಿದೆ. ಈ ಇಡೀ ಜಾಲದಲ್ಲಿ ನೋವಿಗೆ ಇರುವ ಜಾಗವೇ ಅದರ ಕೆಲಸ.

ಇಲ್ಲಿಯವರೆಗೆ ನಾನು ನಿಮ್ಮ ಮಗನ ಪಕ್ಷ. ಈಗ ಆಕ್ಷೇಪಗಳಿಗೆ ಬರೋಣ.

ಅಮೆರಿಕದ ಇನ್ನೊಬ್ಬ ತತ್ವಜ್ಞಾನಿ ನೆಡ್ ಬ್ಲಾಕ್ 1978ರಲ್ಲಿ ಒಂದು ವಿಚಿತ್ರ ಕಲ್ಪನೆ ಮುಂದಿಟ್ಟರು. ಚೀನಾದ ಸುಮಾರು 100 ಕೋಟಿ ಜನರಿಗೆ ಒಂದೊಂದು ರೇಡಿಯೊ ಕೊಡಿ. ಒಂದು ಗಂಟೆ ಹೊತ್ತು ಪ್ರತಿಯೊಬ್ಬರೂ ಒಂದೊಂದು ನರಕೋಶದ ಕೆಲಸ ಮಾಡಲಿ. ಇಂಥ ಸಂಕೇತ ಬಂದರೆ ಇಂಥವರಿಗೆ ಇಂಥದ್ದು ಕಳಿಸು, ಅಷ್ಟೇ. ಈ ಜಾಲಕ್ಕೆ ಒಂದು ಕೃತಕ ದೇಹವನ್ನು ಜೋಡಿಸಿ. (ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ, ಲೆಕ್ಕ ಸರಿಹೋಗುವುದಿಲ್ಲ. ಅದರಿಂದ ವಾದವೇನೂ ಬಿದ್ದುಹೋಗುವುದಿಲ್ಲ ಬಿಡಿ.) ಈಗ ಆ ದೇಹದ ಹಲ್ಲಿಗೆ ಪೆಟ್ಟು ಬಿದ್ದರೆ ನೋವಾಗುವುದು ಯಾರಿಗೆ? ಇಡೀ ಚೀನಾಕ್ಕೆ ಹಲ್ಲುನೋವು ಬಂತು ಎನ್ನೋಣವೇ? ಕೆಲಸ ಪೂರ್ತಿ ನಡೆಯುತ್ತಿದೆ, ಆದರೆ ನೋವಿದೆ ಎನ್ನಲು ಬಾಯಿ ಬರುವುದಿಲ್ಲ.

ನನಗೂ ಬರುವುದಿಲ್ಲ. ಆದರೆ ಫಂಕ್ಷನಲಿಸ್ಟರ ಉತ್ತರವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ನಿಮ್ಮ ತಲೆಯೊಳಗಿನ ಒಂದೊಂದು ನರಕೋಶಕ್ಕೂ ಹಲ್ಲುನೋವಿನ ಗಂಧಗಾಳಿ ಇಲ್ಲ. ಅದು ಸಂಕೇತ ಪಡೆಯುತ್ತದೆ, ಸಂಕೇತ ಕಳಿಸುತ್ತದೆ. ಅಲ್ಲಿ ಮಾತ್ರ ನೋವು ಹೇಗೆ ಬಂತು? ಜರ್ಮನ್ ತತ್ವಜ್ಞಾನಿ ಲೈಬ್ನಿಜ್ 1714ರಲ್ಲೇ ಇಂಥ ಮಾತು ಹೇಳಿದ್ದ. ಯೋಚಿಸುವ ಯಂತ್ರವೊಂದನ್ನು ಗಿರಣಿಯಷ್ಟು ದೊಡ್ಡದು ಮಾಡಿ ಒಳಗೆ ಹೊಕ್ಕು ನೋಡಿದರೂ ಒಂದನ್ನೊಂದು ತಳ್ಳುವ ಭಾಗಗಳು ಕಾಣುತ್ತವೆ, ಅನುಭವ ಎಲ್ಲೂ ಕಾಣುವುದಿಲ್ಲ. ಆ ಬಾಣ ಚೀನಾಕ್ಕೆ ತಾಗಿದರೆ ನಿಮ್ಮ ಮಿದುಳಿಗೂ ತಾಗುತ್ತದೆ.

ತತ್ವಜ್ಞಾನಿ ಜಾನ್ ಸರ್ಲ್ 1980ರಲ್ಲಿ ಹೇಳಿದ 'ಚೈನೀಸ್ ರೂಮ್' ಇದಕ್ಕಿಂತ ಹೆಸರುವಾಸಿ. ಚೀನೀ ಭಾಷೆ ಗೊತ್ತಿಲ್ಲದವನು ಕೋಣೆಯೊಳಗೆ ಕೂತು, ನಿಯಮದ ಪುಸ್ತಕ ನೋಡಿ ಸರಿಯಾದ ಅಕ್ಷರಗಳನ್ನು ಹೊರಗೆ ಕೊಡುತ್ತಾನೆ. ಉತ್ತರ ಸರಿ, ಅರ್ಥ ಮಾತ್ರ ಅವನಿಗೆ ಗೊತ್ತಿಲ್ಲ. ಅದು ತಿಳಿವಳಿಕೆಯ ಪ್ರಶ್ನೆ, ನಿಮ್ಮದು ನೋವಿನ ಪ್ರಶ್ನೆ. ಆ ಕೋಣೆಯ ವಿಷಯ ಇನ್ನೊಂದು ದಿನಕ್ಕಿರಲಿ.

ನಿಮ್ಮ ಅನುಮಾನಕ್ಕೆ ಹತ್ತಿರದ್ದು ಬಣ್ಣದ ಅದಲುಬದಲು. ನೀವೂ ನಾನೂ ಮೆಣಸಿನಕಾಯಿ ರಾಶಿಯಿಂದ ಹಣ್ಣಾದದ್ದನ್ನೂ ಹಸಿಯದ್ದನ್ನೂ ಬೇರೆ ಮಾಡುತ್ತೇವೆ. ಇಬ್ಬರೂ ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಎನ್ನುತ್ತೇವೆ. ಒಂದೂ ತಪ್ಪುವುದಿಲ್ಲ. ಆದರೆ ನಿಮಗೆ ಒಳಗೆ ಕೆಂಪಾಗಿ ಕಾಣುವುದು ನನಗೆ ಹಸಿರಾಗಿ ಕಂಡಿದ್ದರೆ? ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1690ರಷ್ಟು ಹಿಂದೆಯೇ ಇಂಥ ಪ್ರಶ್ನೆ ಎತ್ತಿದ್ದ. ಕೆಲಸ ಒಂದೇ ಆದ್ದರಿಂದ ಫಂಕ್ಷನಲಿಸಂ ಪ್ರಕಾರ ನಮ್ಮಿಬ್ಬರಲ್ಲಿ ವ್ಯತ್ಯಾಸವೇ ಇಲ್ಲ. ಹಾಗಂತ ಒಪ್ಪಲು ಕಷ್ಟ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮನೆಗೆ ದಾರಿ ಗೊತ್ತಿರುವುದು, ನಾಳೆ ರಜೆ ಎಂದು ನಂಬುವುದು, ಇವೆಲ್ಲ ಚೌಕಾಬಾರದ ಕಾಯಿಯ ಹಾಗೆ. ಕೆಲಸ ಹೇಳಿ ಮುಗಿದರೆ ಹೇಳುವುದಕ್ಕೆ ಇನ್ನೇನೂ ಉಳಿಯುವುದಿಲ್ಲ. ನೋವು ಹಾಗಲ್ಲ. ಕಾಯಿ ಕಡಿದರೆ ಕಾಯಿಗೆ ಏನೂ ಅನ್ನಿಸುವುದಿಲ್ಲ, ನಿಮಗೆ ಅನ್ನಿಸುತ್ತದೆ. ಆ 'ಅನ್ನಿಸುವುದು' ಕೆಲಸದ ಪಟ್ಟಿಯಲ್ಲಿ ಎಲ್ಲಿ ಬರುತ್ತದೆ ಎಂದು ಯಾರೂ ಸರಿಯಾಗಿ ತೋರಿಸಿಲ್ಲ. ಪಟ್ನಮ್ ಕೂಡ ಬೇರೆ ಕಾರಣಗಳಿಗೆ 1988ರ ಹೊತ್ತಿಗೆ ತಮ್ಮ ಸಿದ್ಧಾಂತವನ್ನು ಕೈಬಿಟ್ಟರು.

ಇನ್ನು ನಿಮ್ಮ ಮಗನ ಮಾತು. ಅದರಲ್ಲಿ ಎರಡು ಮಾತು ಸೇರಿಕೊಂಡಿವೆ. ನೋವಿಗೆ ಮನುಷ್ಯನ ಮಿದುಳೇ ಆಗಬೇಕಿಲ್ಲ ಎನ್ನುವುದು ಒಂದು. ಅದು ಗಟ್ಟಿ ಮಾತು. ಒಂದು ಪ್ರೋಗ್ರಾಂ ಹಾಕಿದರೆ ಕಂಪ್ಯೂಟರಿಗೆ ನೋವಾಗುತ್ತದೆ ಎನ್ನುವುದು ಇನ್ನೊಂದು. ಅದನ್ನು ಫಂಕ್ಷನಲಿಸ್ಟರೇ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಫೋನಿನಲ್ಲಿ ಬ್ಯಾಟರಿ ಶೇ 1 ಎಂದು ಬಂದರೆ ಫೋನಿಗೆ ಸಂಕಟವಾಯಿತು ಎನ್ನುತ್ತೇವೆಯೇ? ಅದಕ್ಕೆ ಆಸೆ ಇಲ್ಲ, ಹೆದರಿಕೆ ಇಲ್ಲ, ಬೀಗರ ಮುಂದೆ ಮುಚ್ಚಿಡುವ ಮರ್ಯಾದೆಯೂ ಇಲ್ಲ. ನೋವು ಕೂರಬೇಕಾದ ಜಾಲವೇ ಅಲ್ಲಿಲ್ಲ.

ಅವನಿಗೆ ಒಂದು ಪ್ರಶ್ನೆ ಹಾಕಿ ನೋಡಿ. ಮಾರ್ಫಿನ್ ಎಂಬ ನೋವಿನ ಔಷಧಿ ಕೊಟ್ಟ ಕೆಲವು ರೋಗಿಗಳು "ನೋವು ಇದೆ, ಆದರೆ ಅದು ನನ್ನನ್ನು ಕಾಡುತ್ತಿಲ್ಲ" ಎನ್ನುವುದುಂಟು. ನೋವು ಮಾಡಬೇಕಾದ ಕೆಲಸದಲ್ಲಿ ದೊಡ್ಡ ಪಾಲು ಅಲ್ಲಿ ನಿಂತುಹೋಗಿದೆ. ಉಳಿದದ್ದನ್ನು ಅವನು ನೋವು ಎನ್ನುತ್ತಾನೋ, ಇಲ್ಲವೋ?