ಕೋಚ್ ಎನ್‌ಎಫ್‌ಎಲ್‌ಗೆ ಹೋದರೆ ಮಗನ ಸ್ಕಾಲರ್‌ಶಿಪ್ ಉಳಿಯುತ್ತದಾ?
ಅಮೆರಿಕದ ಕಾಲೇಜು ಫುಟ್ಬಾಲ್ ತಂಡದಲ್ಲಿ ಕಿಕರ್ (ಚೆಂಡು ಒದೆಯುವ ಆಟಗಾರ) ಆಗಿರುವ ನಿಮ್ಮ ಮಗನಿಗೆ, ಹೆಡ್ ಕೋಚ್ ಎನ್‌ಎಫ್‌ಎಲ್‌ಗೆ (ಅಲ್ಲಿನ ವೃತ್ತಿಪರ ಫುಟ್ಬಾಲ್ ಲೀಗ್) ಹೋದಾಗಿನಿಂದ ಯಾರೂ ಸರಿಯಾಗಿ ಉತ್ತರ ಕೊಡುತ್ತಿಲ್ಲ ಅಂದಿರಿ. ಅವನನ್ನು ಕೈಬಿಟ್ಟಿದ್ದಾರೆ ಅಂತಲ್ಲ. ಬಹುಶಃ ಸಹಾಯಕ ಕೋಚ್‌ಗಳಿಗೇ ತಮ್ಮ ಕೆಲಸ ಉಳಿಯುತ್ತದಾ ಅಂತ ಗೊತ್ತಿಲ್ಲ. 2024ರ ಜನವರಿಯಲ್ಲಿ ಹೆಡ್ ಕೋಚ್ ಜಿಮ್ ಹಾರ್ಬಾ ಮಿಷಿಗನ್ ಕಾಲೇಜು ತಂಡ ಬಿಟ್ಟು ಎನ್‌ಎಫ್‌ಎಲ್‌ನ ಚಾರ್ಜರ್ಸ್ ತಂಡ ಸೇರಿದಾಗ ಡಿಫೆನ್ಸ್ ಕೋಚೂ ಫಿಟ್ನೆಸ್ ಕೋಚೂ ಅವರ ಜೊತೆ ಹೊರಟರು. ಕಿಕರ್‌ಗಳನ್ನು ನೋಡಿಕೊಳ್ಳುತ್ತಿದ್ದ ಕೋಚ್ ಎನ್‌ಎಫ್‌ಎಲ್‌ನ ಸಿಯಾಟಲ್ ತಂಡಕ್ಕೆ ಹೋದರು.

ಮೊದಲು ಸಹಿ ಮಾಡಿದ ಸ್ಕಾಲರ್‌ಶಿಪ್ ಪತ್ರ ತೆಗೆದು ಓದಿ. ಆ ಒಪ್ಪಂದ ಕಾಲೇಜಿನ ಜೊತೆ, ಕೋಚ್ ಜೊತೆ ಅಲ್ಲ. ಅದು ಒಂದು ವರ್ಷದ್ದೋ, ಜಾಸ್ತಿ ವರ್ಷದ್ದೋ ನೋಡಿಕೊಳ್ಳಿ.

ಆಮೇಲೆ ಮಗನೇ ಅಥ್ಲೆಟಿಕ್ ವಿಭಾಗದ ಕಂಪ್ಲಯನ್ಸ್ ಆಫೀಸಿಗೆ (ನಿಯಮಗಳನ್ನು ನೋಡಿಕೊಳ್ಳುವ ಕಚೇರಿ) ಇಮೇಲ್ ಮಾಡಲಿ. ನಮ್ಮ ಹುಡುಗನಿಗೆ ನೆರವಾದದ್ದು ಅದೇ ಆಫೀಸು. ಟ್ರಾನ್ಸ್‌ಫರ್ ಪೋರ್ಟಲ್ (ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರರು ಹೆಸರು ಹಾಕುವ ಪಟ್ಟಿ) ಅವನಿಗೆ ಯಾವತ್ತು ತೆರೆದು ಯಾವತ್ತು ಮುಚ್ಚುತ್ತದೆ ಅಂತ ಬರಹದಲ್ಲೇ ಕೇಳಲಿ. 2024ರಲ್ಲಿ ಹೆಡ್ ಕೋಚ್ ಹೋದರೆ ಹೆಸರು ಹಾಕಲು 30 ದಿನ ಸಿಗುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಅದನ್ನು 15 ದಿನಕ್ಕೆ ಇಳಿಸಿದರು, ಅದೂ ಹೊಸ ಕೋಚ್ ಬಂದು 5 ದಿನ ಆದ ಮೇಲೆ. ನಿಯಮ ಪದೇ ಪದೇ ಬದಲಾಗುತ್ತದೆ, ಹಾಗಾಗಿ ನನ್ನ ಮಾತಿಗಿಂತ ಅವರ ಉತ್ತರವನ್ನೇ ನಂಬಿ.

ದಯವಿಟ್ಟು ಗಾಬರಿಯಲ್ಲಿ ಸುಮ್ನೆ ಪೋರ್ಟಲ್‌ಗೆ ಹೆಸರು ಹಾಕಬೇಡಿ. ಹಾಕಿದರೆ ಈ ಟರ್ಮ್ ಮುಗಿದ ಮೇಲೆ ಈಗಿನ ಕಾಲೇಜು ಸ್ಕಾಲರ್‌ಶಿಪ್ ನಿಲ್ಲಿಸಬಹುದು. ಬೇರೆ ಕಾಲೇಜು ಸಿಕ್ಕೇ ಸಿಗುತ್ತದೆ ಅಂತಲೂ ಇಲ್ಲ.

ಹೊಸ ಕೋಚ್ ಬಂದ ವಾರದಲ್ಲೇ ಮಗ ಹೋಗಿ ನೇರವಾಗಿ ಕೇಳಲಿ: "ನಿಮ್ಮ ತಂಡದಲ್ಲಿ ನನಗೆ ಜಾಗ ಇದೆಯಾ?" ಏನು ಹೇಳುತ್ತಾರೋ ಈಗಲೇ ಹೇಳಲಾಗುವುದಿಲ್ಲ. ಉತ್ತರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದ್ದರೆ, ಅವನ ಕ್ರೆಡಿಟ್‌ಗಳನ್ನು ಯಾವ ಕಾಲೇಜು ಒಪ್ಪುತ್ತದೆ ಅಂತ ಆಗಲೇ ವಿಚಾರಿಸಿಕೊಳ್ಳಿ.