ಥಾಣೆಯ ತಂಗಿಗೆ, ಮಗಳ ಮಾತಿನ ರಿಪೋರ್ಟ್ ಬಗ್ಗೆ

ನೀನು ಬರೆದದ್ದನ್ನು ಎರಡು ಸಲ ಓದಿದೆ. ನನ್ನ ತಂಗಿಯ ವಯಸ್ಸು ನಿನ್ನದು, ಹಾಗಾಗಿ ನೀನು ಅಂತಲೇ ಕರೆಯುತ್ತೇನೆ.

ದಾವಣಗೆರೆಯಿಂದ ಥಾಣೆಗೆ ಬಂದು ಏಳು ತಿಂಗಳಾಯಿತು. ಮಗಳಿಗೆ ಎರಡು ವರ್ಷ ಒಂಬತ್ತು ತಿಂಗಳು. ಮಾತು ಕಮ್ಮಿ ಅಂತ ಪರೀಕ್ಷೆ ಮಾಡಿಸಿದ್ದೀಯ. ಅರ್ಥ ಮಾಡಿಕೊಳ್ಳುವುದು 27ರಿಂದ 30 ತಿಂಗಳ ಮಟ್ಟದಲ್ಲಿದೆ, ಮಾತಾಡುವುದು 16ರಿಂದ 18 ತಿಂಗಳ ಮಟ್ಟದಲ್ಲಿದೆ ಅಂತ ರಿಪೋರ್ಟ್ ಬಂದಿದೆ. ಪ್ಲೇಸ್ಕೂಲ್ ಟೀಚರ್ ಮನೆಯಲ್ಲಿ ಕನ್ನಡ ನಿಲ್ಲಿಸಿ, ಬರೀ ಹಿಂದಿ ಮಾತಾಡಿ ಅಂದಿದ್ದಾರೆ. ನಿಮ್ಮತ್ತೆ ‘ಅವಳಪ್ಪನೂ ಮಾತಾಡಿದ್ದು ನಾಲ್ಕು ವರ್ಷಕ್ಕೇ, ಸುಮ್ನಿರಿ’ ಅನ್ನುತ್ತಾರೆ. ಯಾರ ಮಾತು ಕೇಳಲಿ ಅಕ್ಕಾ, ಊರಿಗೇ ವಾಪಸ್ ಹೋಗಿಬಿಡಲಾ ಅಂತ ಕೇಳಿದ್ದೀಯ.

ಕನ್ನಡ ಬಿಡಬೇಡ. ಮೊದಲು ಇದನ್ನೇ ಹೇಳುತ್ತೇನೆ, ಯಾಕೆಂದರೆ ನಾನು ಬಿಟ್ಟಿದ್ದೆ.

ನಾನು ತಿಪಟೂರಿನಿಂದ ಡೊಂಬಿವಲಿಗೆ ಬಂದದ್ದು 2008ರಲ್ಲಿ. ಮಗ ಹುಟ್ಟಿದ್ದು 2012ರಲ್ಲಿ. ಎರಡೂವರೆ ವರ್ಷವಾದರೂ ಬಾಯಲ್ಲಿ ನಾಲ್ಕೇ ನಾಲ್ಕು ಮಾತು. ನಮಗೂ ಒಬ್ಬರು ಹೀಗೇ ಹೇಳಿದರು. ಮನೆಯಲ್ಲಿ ಕನ್ನಡ, ಕೆಳಗೆ ಮರಾಠಿ, ಟಿವಿಯಲ್ಲಿ ಹಿಂದಿ, ಮಗುವಿಗೆ ಗೊಂದಲ ಆಗಿದೆ, ಒಂದೇ ಭಾಷೆ ಇಟ್ಟುಕೊಳ್ಳಿ ಅಂದರು. ನಂಬಿದೆವು. ಐದು ತಿಂಗಳು ಮನೆಯಲ್ಲಿ ಹಿಂದಿ. ನನ್ನ ಹಿಂದಿ ಆಗ ತರಕಾರಿ ಕೊಳ್ಳುವಷ್ಟಿತ್ತು. ‘ಯೇ ಲೋ’, ‘ಇಧರ್ ಆಓ’, ‘ಖಾನಾ ಖಾಓ’. ಅದರಾಚೆ ನನಗೇ ಮಾತು ಬರುತ್ತಿರಲಿಲ್ಲ. ಮಗುವಿಗೆ ಎಣ್ಣೆ ಹಚ್ಚುವಾಗ ಏನು ಹೇಳಬೇಕು? ಬಿದ್ದು ಅತ್ತರೆ ಹೇಗೆ ಸಮಾಧಾನ ಮಾಡಬೇಕು? ‘ಅಯ್ಯೋ ನನ್ನ ಬಂಗಾರ, ಎಲ್ಲಿ ಬಿದ್ದೆ, ತೋರಿಸು’ ಅನ್ನುವುದು ನಾಲಿಗೆಯ ತುದಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ದಿನವಿಡೀ ಅವನ ಕಿವಿಗೆ ಬೀಳುವ ಮಾತೇ ಅರ್ಧಕ್ಕರ್ಧ ಕಮ್ಮಿಯಾಯಿತು. ಅವನು ಇನ್ನೂ ಮೌನವಾದ. ಇವತ್ತಿಗೂ ಆ ಐದು ತಿಂಗಳು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಎರಡು ಮೂರು ಭಾಷೆ ಕೇಳಿದರೆ ಮಾತಿನ ತೊಂದರೆ ಬರುವುದಿಲ್ಲ. ಮಗು ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಬಹುದು, ಅದು ಸಹಜ. ತೊಂದರೆ ಇದ್ದರೆ ಅದು ಒಂದು ಭಾಷೆಯ ಮನೆಯಲ್ಲೂ ಇರುತ್ತಿತ್ತು. ಮಗುವಿಗೆ ಬೇಕಾದದ್ದು ಅಮ್ಮ ಅಪ್ಪ ಸಲೀಸಾಗಿ, ಧಾರಾಳವಾಗಿ ಆಡುವ ಮಾತು. ನಿನಗೆ ಅದು ಕನ್ನಡ. ಹಿಂದಿ, ಮರಾಠಿ ಈ ಊರಲ್ಲಿ ಹೇಗೂ ಕಿವಿಗೆ ಬಿದ್ದೇ ಬೀಳುತ್ತವೆ, ಅದಕ್ಕೆ ನೀನು ಕಷ್ಟಪಡಬೇಕಾಗಿಲ್ಲ.

ಹಾಗಂತ ಅತ್ತೆ ಹೇಳಿದ ಹಾಗೆ ಸುಮ್ಮನಿರುವುದೂ ಬೇಡ. ತಡವಾಗಿ ಮಾತು ಶುರು ಮಾಡಿದ ಎಷ್ಟೋ ಮಕ್ಕಳು ತಾವಾಗಿಯೇ ಸರಿಹೋಗುತ್ತಾರೆ, ಅದು ನಿಜ. ಆದರೆ ಯಾವ ಮಗು ಸರಿಹೋಗುತ್ತದೆ, ಯಾವುದು ಹಿಂದೆ ಉಳಿಯುತ್ತದೆ ಅಂತ ಈ ವಯಸ್ಸಿನಲ್ಲಿ ಖಚಿತವಾಗಿ ಹೇಳುವವರು ಯಾರೂ ಇಲ್ಲ. ಎರಡು ವರ್ಷಕ್ಕೆ ಸುಮಾರು 50 ಪದ, ಎರಡೆರಡು ಪದ ಜೋಡಿಸಿ ಹೇಳುವುದು ಬರಬೇಕು. ಎಷ್ಟು ಭಾಷೆಯ ಮನೆಯಾದರೂ ಸರಿ. ನಿನ್ನ ಮಗಳಿಗೆ ಅದು ಬಂದಿಲ್ಲ, ಹಾಗಾಗಿ ಮಾತಿನ ಥೆರಪಿ (ಸ್ಪೀಚ್ ಥೆರಪಿ) ಈಗಲೇ ಶುರುವಾಗಲಿ. ಅತ್ತೆಯ ಜೊತೆ ಜಗಳ ಬೇಡ. ಅವರು ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಹೇಳುತ್ತಿದ್ದಾರೆ ಅಲ್ವಾ?

ಇನ್ನು ಆ ರಿಪೋರ್ಟ್. ಹೆದರಿಕೆಯಲ್ಲಿ ನೀನು ಒಂದು ಒಳ್ಳೆಯ ವಿಷಯವನ್ನು ಗಮನಿಸಿಲ್ಲ. ಅರ್ಥ ಮಾಡಿಕೊಳ್ಳುವ ಮಟ್ಟ ಅವಳ ವಯಸ್ಸಿಗೆ ಹತ್ತಿರವೇ ಇದೆ. ಹಿಂದೆ ಬಿದ್ದಿರುವುದು ಹೊರಗೆ ಬರುವ ಮಾತು ಮಾತ್ರ. ಎರಡೂ ಹಿಂದಿದ್ದರೆ ಚಿಂತೆ ಇದಕ್ಕಿಂತ ದೊಡ್ಡದಾಗುತ್ತಿತ್ತು. ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾಳೆ, ಗೊಂಬೆಗೆ ಊಟ ಮಾಡಿಸುತ್ತಾಳೆ, ಹೆಸರು ಕರೆದರೆ ತಿರುಗುತ್ತಾಳೆ ಅಂತ ನೀನೇ ಬರೆದಿದ್ದೀಯ. ಇವೆಲ್ಲ ಇರುವುದು ತುಂಬಾ ಸಮಾಧಾನದ ಸಂಗತಿ. ಇವು ಇಲ್ಲದಿದ್ದರೆ, ಅಥವಾ ಬರುತ್ತಿದ್ದ ಮಾತು ನಿಂತುಹೋದರೆ, ತಡಮಾಡದೆ ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರ ಹತ್ತಿರ ಹೋಗಬೇಕು.

ಒಂದು ಪ್ರಶ್ನೆ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು? ಹಿಂದಿಯಲ್ಲಿ ಮಾತ್ರ ಕೇಳಿದ್ದರೆ ಅವಳ ಕನ್ನಡ ಲೆಕ್ಕಕ್ಕೆ ಬಂದಿರುವುದಿಲ್ಲ. ನನ್ನ ಮಗನಿಗೆ ನಾಲ್ಕೇ ಪದ ಅಂದೆನಲ್ಲ, ಬಾಂದ್ರಾದಲ್ಲಿ ಥೆರಪಿಸ್ಟ್ ನನ್ನ ಕೈಗೆ ಒಂದು ಹಾಳೆ ಕೊಟ್ಟು, ‘ಒಂದು ವಾರ ಅವನು ಏನೇ ಅಂದರೂ ಬರೆಯಿರಿ, ಯಾವ ಭಾಷೆಯಾದರೂ ಸರಿ, ಅರ್ಧಂಬರ್ಧ ಇದ್ದರೂ ಸರಿ’ ಅಂದರು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನೀಯಿ ಅಂದರೆ ನೀರು. ಪಾವ್. ಗಾಡಿ. ತಾತನಿಗೆ ತಾ. ನಾಯಿಗೆ ಭೂ. ಕೆಳಗಿನ ಮನೆಯ ಮರಾಠಿ ಅಜ್ಜಿಯಿಂದ ಕಲಿತ ‘ನಕೊ’, ಅಂದರೆ ಬೇಡ. ವಾರದ ಕೊನೆಗೆ ಹತ್ತೊಂಬತ್ತು ಪದ! ಆ ಹಾಳೆ ಇನ್ನೂ ಇದೆ, ಹಾಲಿನ ಕಲೆ ಸಮೇತ. ಹತ್ತೊಂಬತ್ತು ಸಾಲದು, ನನಗೂ ಗೊತ್ತಿತ್ತು. ಆದರೆ ನಾನು ಕಿವಿಗೊಟ್ಟೇ ಇರಲಿಲ್ಲ ಅನ್ನುವುದು ಅವತ್ತು ಗೊತ್ತಾಯಿತು. ನೀನೂ ಇವತ್ತೇ ಒಂದು ಹಾಳೆ ಅಂಟಿಸು.

ಕಿವಿ ಪರೀಕ್ಷೆಯ ಬಗ್ಗೆ ನೀನು ಏನೂ ಬರೆದಿಲ್ಲ. ಆಗಿಲ್ಲದಿದ್ದರೆ ಮೊದಲು ಅದು. ಕರೆದರೆ ತಿರುಗುತ್ತಾಳೆ ಅನ್ನುವುದು ಸಾಲದು. ಶೀತ ಜಾಸ್ತಿಯಾಗಿ ಕಿವಿಯ ಪರದೆಯ ಹಿಂದೆ ನೀರು ನಿಂತಿದ್ದರೂ ಮಗುವಿಗೆ ಮಾತು ಮಂಕಾಗಿ ಕೇಳುತ್ತದೆ. ಜೋರು ಶಬ್ದ ಕೇಳುತ್ತದೆ, ಸ, ಶ, ತ ಅಂಥ ಸಣ್ಣ ದನಿಗಳು ತಪ್ಪಿಹೋಗುತ್ತವೆ. ಬೆರಾ ಅಂತ ಒಂದು ಟೆಸ್ಟ್ ಇದೆ. ಹಣೆಗೆ, ಕಿವಿಯ ಹಿಂದೆ ಸಣ್ಣ ವೈರು ಅಂಟಿಸಿ, ಶಬ್ದ ನರದ ಮೂಲಕ ಮೆದುಳಿನ ಕಡೆಗೆ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡುತ್ತಾರೆ. ನೋವಿಲ್ಲ. ಆದರೆ ಮಗು ನಿದ್ದೆಯಲ್ಲಿರಬೇಕು, ಅದೇ ಕಷ್ಟ.

ನಮಗೆ ‘ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡಬೇಡಿ’ ಅಂದಿದ್ದರು. ಡೊಂಬಿವಲಿಯಿಂದ ಲೋಕಲ್‌ನಲ್ಲಿ ದಾದರ್, ಅಲ್ಲಿ ಸೇತುವೆ ದಾಟಿ ವೆಸ್ಟರ್ನ್ ಲೈನಿನಲ್ಲಿ ಬಾಂದ್ರಾ. ಆ ಓಲಾಟಕ್ಕೆ ದೊಡ್ಡವರಿಗೇ ಕಣ್ಣು ಎಳೆಯುತ್ತದೆ. ಕುರ್ಲಾ ಬರುವಷ್ಟರಲ್ಲಿ ಅವನ ತಲೆ ನನ್ನ ಹೆಗಲಿಗೆ ಬಿತ್ತು. ನನಗೆ ಅಳುವೇ ಬಂತು. ಎದುರಿಗಿದ್ದ ಒಬ್ಬ ಹೆಂಗಸು ಯಾಕೆ ಅಂತ ಕೇಳಿದರು, ನನ್ನ ಹರುಕುಮುರುಕು ಹಿಂದಿಯಲ್ಲಿ ಹೇಳಿದೆ. ಅಷ್ಟೇ, ಲೇಡೀಸ್ ಡಬ್ಬಿಯ ನಾಲ್ಕೈದು ಜನ ಸೇರಿಕೊಂಡರು. ಒಬ್ಬರು ಬಳೆ ಅಲ್ಲಾಡಿಸಿದರು, ಒಬ್ಬರು ಚಪ್ಪಾಳೆ ತಟ್ಟಿ ಮರಾಠಿಯಲ್ಲಿ ಏನೋ ಹಾಡಿದರು, ಒಬ್ಬರು ಅವನ ಪಾದಕ್ಕೆ ಕಚಗುಳಿ ಇಟ್ಟರು. ದಾದರ್‌ವರೆಗೂ ಅವನು ನಗುತ್ತಲೇ ಇದ್ದ. ಈ ಊರಲ್ಲಿ ನಮ್ಮವರು ಯಾರೂ ಇಲ್ಲ ಅಂತ ಬರೆದಿದ್ದೀಯಲ್ಲ, ಅದಕ್ಕೇ ಇದನ್ನು ಹೇಳಿದೆ.

ಎಲ್ಲಿಗೆ ಹೋಗಬೇಕು ಅಂದರೆ, ಬಾಂದ್ರಾ ರೆಕ್ಲಮೇಶನ್‌ನಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆ ಇದೆ. 1983ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ, ಮಾತು ಮತ್ತು ಕಿವಿಗೆಂದೇ ಇರುವುದು. ಮುಂಬೈ ಸೆಂಟ್ರಲ್‌ನ ನಾಯರ್ ಆಸ್ಪತ್ರೆಯಲ್ಲೂ ಇದಕ್ಕೆ ವಿಭಾಗವಿದೆ. ಮನೆ ಹತ್ತಿರ ಖಾಸಗಿಯವರ ಬಳಿ ಹೋಗುವುದಾದರೆ ಅವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಕೇಳು. ಕೇಳಲು ಸಂಕೋಚ ಬೇಡ, ಸರಿಯಾಗಿ ಓದಿದವರು ಖುಷಿಯಿಂದ ತೋರಿಸುತ್ತಾರೆ. ಕನ್ನಡ ಬಲ್ಲವರೇ ಬೇಕು ಅನಿಸಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ದೂರದವರಿಗೆ ವಿಡಿಯೋದಲ್ಲೂ ಥೆರಪಿ ಕೊಡುತ್ತಾರೆ. ಊರಿಗೆ ಹೋದಾಗ ಒಮ್ಮೆ ಅಲ್ಲಿ ತೋರಿಸಿ, ಕನ್ನಡದಲ್ಲೇ ಪರೀಕ್ಷೆ ಮಾಡಿಸಿಕೊಂಡು ಬರಬಹುದು.

ಥೆರಪಿ ಅಂದರೆ ವಾರಕ್ಕೆ ಎರಡು ಗಂಟೆ. ಉಳಿದದ್ದೆಲ್ಲ ಮನೆಯಲ್ಲೇ ನಡೆಯಬೇಕು. ನನಗೆ ಕಲಿಸಿದ್ದರಲ್ಲಿ ತುಂಬಾ ಕೆಲಸ ಮಾಡಿದ್ದು ಕಾಯುವುದು. ಏನಾದರೂ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಬೇಕು. ನಾವು ಕಾಯುವುದೇ ಇಲ್ಲ, ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಆಮೇಲೆ, ಮಗು ಒಂದು ಪದ ಅಂದರೆ ನೀನು ಅದಕ್ಕೆ ಇನ್ನೊಂದು ಸೇರಿಸಿ ಹೇಳು. ಅವಳು ‘ನೀರು’ ಅಂದರೆ ನೀನು ‘ನೀರು ಬೇಕು’. ‘ಹೇಳು, ಹೇಳು’ ಅಂತ ಹಿಂದೆ ಬೀಳಬೇಡ. ಹೇಳಿದರೆ ಮಾತ್ರ ಬಿಸ್ಕತ್ತು ಅನ್ನಬೇಡ, ಮಕ್ಕಳು ಮಾತಿಗೇ ಮುನಿಸಿಕೊಳ್ಳುತ್ತಾರೆ. ದೋಸೆ ಹುಯ್ಯುವಾಗ ಕಟ್ಟೆಯ ಪಕ್ಕ ಸ್ಟೂಲ್ ಹಾಕಿ ಕೂರಿಸಿಕೋ. ‘ಚುಯ್ ಅಂತು, ನೋಡು. ತೂತು ಬಿತ್ತು. ಇನ್ನೊಂದು ತೂತು. ಮಗುಚೋಣ.’ ನನ್ನ ಮಗ ಮೊದಲ ಸಲ ಎರಡು ಪದ ಜೋಡಿಸಿದ್ದು ಒಲೆಯ ಮುಂದೆಯೇ. ‘ದೋಚೆ ತೂತು.’ ದೋಸೆ ಕರಕಲಾಯಿತು, ನಾನು ತೆಗೆಯಲೇ ಇಲ್ಲ.

ಮೊಬೈಲ್ ಕಮ್ಮಿ ಮಾಡು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ದಾವಣಗೆರೆಯ ಅಜ್ಜಿ ತಾತನ ಜೊತೆ ವಿಡಿಯೋ ಕಾಲ್ ಬೇರೆ, ಅದು ದಿನಾ ಇರಲಿ. ಅತ್ತೆಗೆ ಒಂದು ಕೆಲಸವನ್ನೇ ಕೊಟ್ಟುಬಿಡು: ರಾತ್ರಿ ಫೋನಿನಲ್ಲಿ ಒಂದು ಹಾಡು ಹೇಳಬೇಕು, ಸಾಲಿನ ಕೊನೆಯ ಪದ ಮೊಮ್ಮಗಳಿಗೆ ಬಿಡಬೇಕು. ನಿನ್ನ ಗಂಡನಿಗೂ ಒಂದು ಹೊತ್ತು ಗೊತ್ತು ಮಾಡು. ಕೆಲಸದಿಂದ ದಣಿದು ಬರುತ್ತಾರೆ, ಒಪ್ಪುತ್ತೇನೆ. ಸ್ನಾನ ಮಾಡಿಸುವ ಹದಿನೈದು ನಿಮಿಷ ಅವರದಾಗಲಿ. ಇದನ್ನು ಅಮ್ಮನ ತಲೆಗೇ ಕಟ್ಟಬಾರದು. ನಾನೇ ಬಸುರಿಯಾಗಿದ್ದಾಗ ಏನೋ ತಪ್ಪು ಮಾಡಿದೆ, ಅದಕ್ಕೇ ಹೀಗಾಯಿತು ಅಂತ ನಾನು ಒಂದು ವರ್ಷ ಕೊರಗಿದೆ. ನೀನು ಒಂದು ದಿನವೂ ಕೊರಗಬೇಡ.

ಊರಿಗೆ ಹೋಗಿಬಿಡಲಾ ಅಂತ ಕೇಳಿದೆಯಲ್ಲ. ನಿನ್ನ ಸಂಕಟ ಅರ್ಥವಾಗುತ್ತದೆ. ಅಲ್ಲಿ ಬಾಗಿಲು ತೆರೆದರೆ ಹತ್ತು ಜನ ಮಗುವನ್ನು ಮಾತಾಡಿಸುತ್ತಾರೆ. ಇಲ್ಲಿ ಒಂದು ಬೆಡ್‌ರೂಮಿನ ಮನೆ, ಮುಚ್ಚಿದ ಬಾಗಿಲು, ಹಗಲಿಡೀ ಕನ್ನಡ ಆಡುವ ಬಾಯಿ ನಿನ್ನದೊಂದೇ. ಆದರೆ ಅಪ್ಪನನ್ನು ಬಿಟ್ಟು ಹೋದರೆ ಅವಳಿಗೆ ಮಾತಾಡುವ ಒಬ್ಬರು ಕಮ್ಮಿಯಾಗುತ್ತಾರೆ. ಆ ಬಾಗಿಲನ್ನು ಇಲ್ಲೇ ತೆರೆಯೋಣ. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಡೊಂಬಿವಲಿಯಲ್ಲಿ ನಮ್ಮಂಥ ಮನೆಗಳು ಎಷ್ಟೋ ಇವೆ. ಪ್ಲೇಸ್ಕೂಲ್ ಬಿಡಿಸಬೇಡ, ಬೇರೆ ಮಕ್ಕಳ ಜೊತೆ ಇರುವುದು ಒಳ್ಳೆಯದೇ. ಟೀಚರಿಗೆ ಥೆರಪಿಸ್ಟಿನಿಂದ ಎರಡು ಸಾಲು ಬರೆಸಿಕೊಂಡು ಹೋಗಿ ಕೊಡು, ಅವರೂ ಕೇಳುತ್ತಾರೆ.

ನನ್ನ ಮಗ ಈಗ ಎಂಟನೇ ಕ್ಲಾಸು. ಮನೆಯಲ್ಲಿ ಕನ್ನಡ, ಮೈದಾನದಲ್ಲಿ ಮರಾಠಿ. ಥೆರಪಿ ಎರಡೂವರೆ ವರ್ಷ ನಡೆಯಿತು. ‘ರ’ ಸರಿಯಾಗಿ ಬರುವಷ್ಟರಲ್ಲಿ ಏಳು ವರ್ಷವಾಗಿತ್ತು. ಈಗಲೂ ಸಿಟ್ಟು ಬಂದಾಗ ಪದ ಸಿಗದೆ ತಡವರಿಸುತ್ತಾನೆ. ಆಗ ನಾನು ಐದರವರೆಗೆ ಎಣಿಸುತ್ತೇನೆ. ನಿನ್ನ ಮಗಳ ದಾರಿ ಇದೇ ಆಗಿರುತ್ತದೆ ಅಂತ ನಾನು ಮಾತು ಕೊಡಲಾರೆ. ಜೊತೆಗೆ ಇರುತ್ತೇನೆ ಅಂತ ಮಾತ್ರ ಕೊಡಬಲ್ಲೆ.

ಮೊದಲ ಸಲ ಬಾಂದ್ರಾಕ್ಕೆ ಒಬ್ಬಳೇ ಹೋಗಬೇಡ. ದಿನ ಗೊತ್ತಾದ ಕೂಡಲೇ ತಿಳಿಸು, ನಾನು ಡೊಂಬಿವಲಿಯಲ್ಲಿ ಹತ್ತಿ ಬರುತ್ತೇನೆ, ನೀನು ಥಾಣೆಯಲ್ಲಿ ಲೇಡೀಸ್ ಡಬ್ಬಿಗೆ ಹತ್ತು. ಆ ಪದಗಳ ಹಾಳೆ ಮರೆಯದೆ ತಾ. ದಾರಿಯಲ್ಲಿ ಅವಳನ್ನು ಮಲಗಲು ಬಿಡದೆ ಕರೆದುಕೊಂಡು ಹೋಗುವ ಕೆಲಸ ನನಗಿರಲಿ.